ಸಾವಿರಕ್ಕೆ ಐದು ಆರ್ಗಾನ್

18 ಆಗಸ್ಟ್ 2024, ಭಾನುವಾರ
ಉಡುಪಿ

ಪೊಟ್ಯಾಸಿಯಂ-ಆರ್ಗಾನ್ ಲೆಕ್ಕ ಇವತ್ತು ಕೊನೆಗೂ ಕೈಗೆ ಬಂತು. ಎಷ್ಟು ಖುಷಿಯಾಯಿತೆಂದರೆ ಬರೆದಿಡದಿದ್ದರೆ ರಾತ್ರಿ ನಿದ್ದೆ ಬರಲಿಕ್ಕಿಲ್ಲ.

ಬಂಡೆಗಳ ವಯಸ್ಸು ಕಂಡುಹಿಡಿಯುವ ಐಸೋಟೋಪ್ ವಿಜ್ಞಾನದ ಕೋರ್ಸ್ ಇದು. ಐಸೋಟೋಪ್ ಅಂದರೆ ಒಂದೇ ಧಾತುವಿನ, ತೂಕ ಮಾತ್ರ ಬೇರೆಯಾದ ಪರಮಾಣುಗಳು. ಎನ್‌ಪಿಟಿಇಎಲ್‌ನಲ್ಲಿ (ಐಐಟಿಗಳು ಮತ್ತು ಐಐಎಸ್ಸಿ ನಡೆಸುವ ಆನ್‌ಲೈನ್ ಪಾಠಗಳ ಜಾಲತಾಣ) ಮನೆಯಿಂದಲೇ ಕಲಿಯುತ್ತಿದ್ದೇನೆ. ಕಲಿಯಲು ದುಡ್ಡಿಲ್ಲ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ 1000 ರೂಪಾಯಿ ಕಟ್ಟಿ ಸೆಂಟರ್‌ಗೆ ಹೋಗಿ ಪರೀಕ್ಷೆ ಬರೆಯಬೇಕು. ವಾರದ ಅಸೈನ್‌ಮೆಂಟ್‌ಗಳಿಗೆ 25 ಅಂಕ, ಪರೀಕ್ಷೆಗೆ 75. ಬಿಎಸ್ಸಿ ಮುಗಿಸಿ ವಿಮೆ ಕೆಲಸಕ್ಕೆ ಸೇರಿದ ಮೇಲೆ ನಾನು ಕ್ಯಾಲ್ಕುಲೇಟರಿನ ಲಾಗ್ ಬಟನ್ ಒತ್ತಿದ್ದೇ ಇಲ್ಲ. ಈಗ ಸಂಜೆ ಆಫೀಸಿನಿಂದ ಬಂದು ಕಾಫಿ ಕುಡಿದು ಅದೇ ಕೆಲಸ. ಅರ್ಧ ಗಂಟೆಯ ಪಾಠಕ್ಕೆ ನನಗೆ ಇಡೀ ಸಂಜೆ ಬೇಕು. ಮೇಷ್ಟ್ರು ಬೋರ್ಡಿನ ಮೇಲೆ ಒಂದು ಸಾಲಿನಿಂದ ಮುಂದಿನ ಸಾಲಿಗೆ ಹೋಗುವಾಗ "ಇದು ನಿಮಗೆ ಗೊತ್ತೇ ಇದೆ" ಅನ್ನುತ್ತಾರಲ್ಲ, ಆ ಎರಡು ಸಾಲಿನ ನಡುವೆ ನನಗೆ ಒಂದು ಪೂರ್ತಿ ಪುಟ ಲೆಕ್ಕ ಇರುತ್ತದೆ.

ನನಗೆ ಈ ಹುಚ್ಚು ಹತ್ತಿದ್ದು ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದಿಂದ. ಆ ಕಂಬದಂಥ ಬಂಡೆಗಳನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಹೆಚ್ಚಿನವರು ಬಸಾಲ್ಟ್ ಅನ್ನುತ್ತಾರೆ. ನಿಜಕ್ಕೂ ಅದು ಸಿಲಿಕಾ ಜಾಸ್ತಿ ಇರುವ ರಯೋಲೈಟ್ ಜಾತಿಯ ಬಂಡೆ. ಭಾರತ ಮತ್ತು ಮಡಗಾಸ್ಕರ್ ಬೇರೆಯಾಗುವ ಕಾಲದಲ್ಲಿ ಹರಿದ ಲಾವಾ, ವಯಸ್ಸು ಸುಮಾರು 8.5ರಿಂದ 9 ಕೋಟಿ ವರ್ಷ. ಇದನ್ನು ಎಷ್ಟೋ ವಿಡಿಯೋಗಳಲ್ಲಿ ಕೇಳಿ ತಲೆಯಾಡಿಸಿದ್ದೆ. ಆದರೆ ಯಾರು, ಯಾವುದನ್ನು ಅಳೆದು, ಹೇಗೆ ಹೇಳಿದರು? ಅದನ್ನು ಯಾವ ವಿಡಿಯೋವೂ ಹೇಳಲಿಲ್ಲ. ಕಷ್ಟದ ಕೋರ್ಸಿಗೆ ಸೇರಬೇಕೆಂದು ಅನಿಸಿದ್ದು ಅಲ್ಲಿಂದ.

ಇವತ್ತು ಅರ್ಥವಾದದ್ದು ಇಷ್ಟು. ಪ್ರಕೃತಿಯಲ್ಲಿರುವ ಪೊಟ್ಯಾಸಿಯಂನಲ್ಲಿ ಹತ್ತು ಸಾವಿರ ಪರಮಾಣುವಿಗೆ ಒಂದು ಚಿಲ್ಲರೆ ಮಾತ್ರ ಪೊಟ್ಯಾಸಿಯಂ-40. ಅದು ತಾನಾಗಿಯೇ ಕ್ಷಯಿಸಿ ಬೇರೆ ಧಾತುವಾಗುತ್ತದೆ. ಅದರ ಅರ್ಧಾಯು, ಅಂದರೆ ಇದ್ದುದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, 125 ಕೋಟಿ ವರ್ಷ. ಅದು ಕ್ಷಯಿಸುವಾಗ ಹೆಚ್ಚಿನ ಪಾಲು ಕ್ಯಾಲ್ಸಿಯಂ-40 ಆಗುತ್ತದೆ, ಸುಮಾರು ಹತ್ತರಲ್ಲಿ ಒಂದು ಪಾಲು ಆರ್ಗಾನ್-40. ಹಾಗಾದರೆ ಜಾಸ್ತಿ ಇರುವ ಕ್ಯಾಲ್ಸಿಯಂ ಬಿಟ್ಟು ಕಮ್ಮಿ ಇರುವ ಆರ್ಗಾನನ್ನೇ ಯಾಕೆ ಅಳೆಯುತ್ತಾರೆ? ನಾನು ಪಾಠ ನಿಲ್ಲಿಸಿ ಇದನ್ನೇ ಯೋಚಿಸುತ್ತಾ ಕೂತೆ. ಬಂಡೆಯಲ್ಲಿ ಕ್ಯಾಲ್ಸಿಯಂ ಮೊದಲೇ ಬೇಕಾದಷ್ಟಿದೆ. ಹೊಸದು ಯಾವುದು, ಹಳೆಯದು ಯಾವುದು ಅಂತ ಗೊತ್ತಾಗುವುದು ಹೇಗೆ? ಆರ್ಗಾನ್ ಹಾಗಲ್ಲ. ಅದು ಯಾರ ಜೊತೆಗೂ ಸೇರದ ಗ್ಯಾಸ್. ಲಾವಾ ಕುದಿಯುತ್ತಿರುವಾಗ ತಪ್ಪಿಸಿಕೊಂಡು ಹೋಗುತ್ತದೆ. ಲಾವಾ ಗಟ್ಟಿಯಾದ ಮೇಲೆ ಹುಟ್ಟಿದ್ದು ಹರಳಿನೊಳಗೇ ಸಿಕ್ಕಿಬೀಳುತ್ತದೆ. ಅಂದರೆ ಬಂಡೆ ಗಟ್ಟಿಯಾದ ಗಳಿಗೆಗೆ ಲೆಕ್ಕ ಸೊನ್ನೆಯಿಂದ ಶುರು!

ಅಲ್ಲಿಂದ ಮುಂದೆ ಸೂತ್ರ. ಆರ್ಗಾನ್-40ನ್ನು ಉಳಿದಿರುವ ಪೊಟ್ಯಾಸಿಯಂ-40ರಿಂದ ಭಾಗಿಸಿ, ಅದನ್ನು 0.105ರಿಂದ (ಆರ್ಗಾನ್ ಆಗುವ ಆ ಪಾಲು) ಭಾಗಿಸಿ, ಒಂದು ಕೂಡಿಸಿ, ನ್ಯಾಚುರಲ್ ಲಾಗ್ ತೆಗೆದು, ಕ್ಷಯದ ದರದಿಂದ ಭಾಗಿಸಬೇಕು. ಅಸೈನ್‌ಮೆಂಟಿನ ಲೆಕ್ಕ ಮುಗಿಸಿದ ಮೇಲೆ ನಾನು ನಮ್ಮ ದ್ವೀಪದ್ದನ್ನು ಉಲ್ಟಾ ಮಾಡಿ ನೋಡಿದೆ. 8.5 ಕೋಟಿ ವರ್ಷ ಅಂತ ಇಟ್ಟುಕೊಂಡರೆ ಆರ್ಗಾನ್ ಎಷ್ಟಿರಬೇಕು? ಉತ್ತರ 0.005. ಸಾವಿರ ಪೊಟ್ಯಾಸಿಯಂ-40 ಪರಮಾಣುಗಳಿಗೆ ಐದು ಆರ್ಗಾನ್. ಇಷ್ಟು ಸಣ್ಣ ಪಾಲನ್ನು ಅಳೆದು ಕೋಟಿ ವರ್ಷ ಹೇಳುತ್ತಾರೆ! ಪೆನ್ನು ಕೆಳಗಿಟ್ಟು ಸುಮ್ನೆ ಆ ಸಂಖ್ಯೆಯನ್ನೇ ನೋಡಿದೆ. ಕೇಳಿ ನಂಬಿದ್ದ ವಿಷಯ ಈಗ ನನ್ನ ಕೈಬರಹದಲ್ಲಿತ್ತು.

ಗಾಳಿಯಲ್ಲೂ ಸುಮಾರು ನೂರಕ್ಕೆ ಒಂದರಷ್ಟು ಆರ್ಗಾನ್ ಇದೆ, ಅದು ಸ್ಯಾಂಪಲ್‌ಗೆ ಸೇರಿದರೆ ಲೆಕ್ಕ ಕೆಟ್ಟಿತು. ಅದಕ್ಕೆ ಆರ್ಗಾನ್-36ನ್ನೂ ಅಳೆಯುತ್ತಾರೆ. ಗಾಳಿಯಲ್ಲಿ ಅದರ ಒಂದಕ್ಕೆ ಸುಮಾರು 298 ಆರ್ಗಾನ್-40 ಇರುತ್ತದೆ, ಅಷ್ಟನ್ನು ಕಳೆದುಬಿಟ್ಟರೆ ಆಯಿತು. ಇನ್ನು ಬಂಡೆಯಿಂದ ಆರ್ಗಾನ್ ಸೋರಿಹೋಗಿದ್ದರೆ ವಯಸ್ಸು ಕಮ್ಮಿ ತೋರಿಸುತ್ತದೆ. ಅದನ್ನು ಹಿಡಿಯಲು ಸ್ಯಾಂಪಲನ್ನು ರಿಯಾಕ್ಟರಿನಲ್ಲಿಟ್ಟು ನ್ಯೂಟ್ರಾನ್ ಹಾಯಿಸಿ, ಪೊಟ್ಯಾಸಿಯಂ-39ರಲ್ಲಿ ಸ್ವಲ್ಪವನ್ನು ಆರ್ಗಾನ್-39 ಮಾಡಿ, ಆಮೇಲೆ ಹಂತಹಂತವಾಗಿ ಕಾಯಿಸಿ ಹೊರಬರುವ ಗ್ಯಾಸನ್ನು ಅಳೆಯುತ್ತಾರೆ. ಆರ್ಗಾನ್-39ರಿಂದ ಪೊಟ್ಯಾಸಿಯಂ ಎಷ್ಟಿತ್ತೆಂದು ಗೊತ್ತಾಗುತ್ತದೆ, ಹಂತದಿಂದ ಹಂತಕ್ಕೆ ವಯಸ್ಸು ಬೇರೆ ಬಂದರೆ ಸೋರಿಕೆಯ ಅನುಮಾನ. ಯಾರಿಗೆ ಹೊಳೆಯಿತೋ ಈ ಉಪಾಯ! ಇಂಥ ಜಾಗದಲ್ಲಿ ನನಗೆ ವಿಜ್ಞಾನಿಗಳ ಮೇಲೆ ಪ್ರೀತಿಯೇ ಹುಟ್ಟುತ್ತದೆ.

ಮಡಗಾಸ್ಕರ್‌ನಲ್ಲೂ ಹೆಚ್ಚುಕಮ್ಮಿ ಇದೇ ವಯಸ್ಸಿನ ಲಾವಾ ಬಂಡೆಗಳಿವೆ. ನಡುವೆ ಇಡೀ ಸಮುದ್ರವಿದೆ, ಆದರೂ ಸಂಖ್ಯೆ ಹತ್ತಿರಹತ್ತಿರ ಬರುತ್ತದೆ. ಎರಡು ನೆಲ ಒಂದಾಗಿತ್ತು ಅನ್ನುವುದಕ್ಕೆ ಇರುವ ಸಾಕ್ಷಿಗಳಲ್ಲಿ ಇದೂ ಒಂದು.

ಐಸೋಕ್ರಾನ್ ಮಾತ್ರ ಇನ್ನೂ ಗಟ್ಟಿಯಾಗಿ ಕೂತಿಲ್ಲ. ರುಬಿಡಿಯಂ ಕ್ಷಯಿಸಿ ಸ್ಟ್ರಾಂಷಿಯಂ ಆಗುವುದನ್ನು ಬಳಸುವ ರುಬಿಡಿಯಂ-ಸ್ಟ್ರಾಂಷಿಯಂ ವಿಧಾನದಲ್ಲಿ ಒಂದೇ ಬಂಡೆಯ ಬೇರೆಬೇರೆ ಖನಿಜಗಳನ್ನು ಅಳೆದು ಗ್ರಾಫಿನಲ್ಲಿ ಚುಕ್ಕೆ ಇಡುತ್ತಾರೆ. ಆ ಚುಕ್ಕೆಗಳನ್ನು ಸೇರಿಸುವ ನೇರ ಗೆರೆಯೇ ಐಸೋಕ್ರಾನ್. ನಾನು ತಲೆ ಕೆರೆದುಕೊಳ್ಳುತ್ತಿದ್ದಾಗ ಸೆಕೆಂಡ್ ಪಿಯುಸಿಯ ಮಗಳು ಬಂದು ಇಣುಕಿದಳು. "ಅಪ್ಪ, ಇದಕ್ಕೆ ಎಂತ ಇಷ್ಟು ಯೋಚನೆ? ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ ಅಲ್ವಾ?" ಹೌದು, ಅಷ್ಟೇ! ಗೆರೆಯ ಓರೆಯಿಂದ ವಯಸ್ಸು ಸಿಗುತ್ತದೆ, ಗೆರೆ ಎಡಗಡೆ ಅಕ್ಷವನ್ನು ಮುಟ್ಟುವ ಜಾಗದಲ್ಲಿ ಮೊದಲೇ ಇದ್ದ ಸ್ಟ್ರಾಂಷಿಯಂನ ಅನುಪಾತ ಸಿಗುತ್ತದೆ. ಅವಳಿಗೆ ಐಸೋಟೋಪ್ ಗೊತ್ತಿಲ್ಲ, ನನಗೆ ಗೆರೆ ಕಾಣಲಿಲ್ಲ. ಇಬ್ಬರೂ ಕೂತು ಒಂದು ಲೆಕ್ಕ ಮಾಡಿದೆವು. ಅಮ್ಮ ಒಳಗಿನಿಂದ "ಈ ವಯಸ್ಸಿನಲ್ಲಿ ಪರೀಕ್ಷೆ ಎಂತಕ್ಕೆ ಮಗಾ?" ಅಂತ ಕೇಳಿದರು. ಬೇಕು ಅಮ್ಮ, ಅಂದೆ.

ಒಂದು ಬೇಜಾರು ಇದೆ. ಅಸೈನ್‌ಮೆಂಟಿನಲ್ಲಿ ನಾಲ್ಕು ಉತ್ತರ ಕೊಟ್ಟು ಒಂದನ್ನು ಆರಿಸಿ ಅನ್ನುತ್ತಾರೆ. ಲೆಕ್ಕ ಮಾಡದೆಯೂ ಕ್ಲಿಕ್ ಮಾಡಬಹುದು. ಇಷ್ಟು ಒಳ್ಳೆಯ ಪಾಠಕ್ಕೆ ಅದು ಸಾಲದು. ಹಾಗಾಗಿ ನಾನು ಪ್ರತಿ ಲೆಕ್ಕವನ್ನೂ ನೋಟ್‌ಬುಕ್ಕಿನಲ್ಲಿ ಪೂರ್ತಿ ಬರೆಯುತ್ತೇನೆ. ಈ ಕೋರ್ಸ್ ತೆಗೆದುಕೊಳ್ಳುವ ಯಾರಿಗಾದರೂ ನಾನು ಹೇಳುವುದು ಇದನ್ನೇ: ಪಾಠವನ್ನು ಸ್ಪೀಡ್ ಮಾಡಿ ನೋಡಬೇಡಿ, ನಿಲ್ಲಿಸಿ ಬರೆಯಿರಿ.

ತುಳುವರ ಆಟಿ ತಿಂಗಳು ಮುಗಿದು ಸೋಣ ಶುರುವಾಯಿತು, ಕೃಷ್ಣಾಷ್ಟಮಿಯೂ ಹತ್ತಿರ ಬಂತು. ಮನೆತುಂಬಾ ನೆಂಟರು ಬರುವ ಮೊದಲು ಯುರೇನಿಯಂ-ಸೀಸದ ಪಾಠ ಒಮ್ಮೆ ನೋಡಿ ಮುಗಿಸಬೇಕು. ಅದರಲ್ಲಿ ಒಂದೇ ಜಿರ್ಕಾನ್ ಹರಳಿನೊಳಗೆ ಎರಡು ಬೇರೆ ಅರ್ಧಾಯುಗಳ ಯುರೇನಿಯಂ ಇರುತ್ತದಂತೆ, ಒಂದರ ಲೆಕ್ಕವನ್ನು ಇನ್ನೊಂದರಿಂದ ತಾಳೆ ನೋಡಬಹುದಂತೆ. ಈ ವಾರದ ಅಸೈನ್‌ಮೆಂಟ್ ಬುಧವಾರ ರಾತ್ರಿಯೊಳಗೆ ಹಾಕಬೇಕು, ಇನ್ನೂ ಮೂರು ಪ್ರಶ್ನೆ ಬಾಕಿ.