ಸ್ಪೈಡರ್‌ಮ್ಯಾನ್ 1ರಿಂದ 149: 30 ಸಂಚಿಕೆ ಸಿಕ್ಕವು, 86ರಿಂದ 89 ಇನ್ನೂ ಬಾಕಿ

ಈ ತಿಂಗಳು ನನ್ನ ಸ್ಪೈಡರ್‌ಮ್ಯಾನ್ ಕಾಮಿಕ್ಸ್ ಸಂಗ್ರಹಕ್ಕೆ ಎರಡು ಪುಸ್ತಕ ಬಂದವು. ಒಂದು ಬೆಳಗಾವಿಯಿಂದ ಪಾರ್ಸೆಲ್‌ನಲ್ಲಿ, ಇನ್ನೊಂದು ಹುಬ್ಬಳ್ಳಿಯ ರದ್ದಿ ಅಂಗಡಿಯಿಂದ. ಎರಡೂ ಸೇರಿ 30 ಸಂಚಿಕೆಗಳ ಜಾಗ ತುಂಬಿತು. ಇಷ್ಟು ದೊಡ್ಡ ಜಿಗಿತ ಈ ಸಂಗ್ರಹದಲ್ಲಿ ಯಾವತ್ತೂ ಆಗಿರಲಿಲ್ಲ. ಅದಕ್ಕೇ ಲೆಕ್ಕವನ್ನು ಮತ್ತೊಮ್ಮೆ ಬರೆದಿಡುತ್ತಿದ್ದೇನೆ.

ಗುರಿ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಸ್ಪೈಡರ್‌ಮ್ಯಾನ್ ಮೊದಲು ಬಂದಿದ್ದು 1962ರ ಆಗಸ್ಟ್ ತಿಂಗಳ ಅಮೇಜಿಂಗ್ ಫ್ಯಾಂಟಸಿ 15ನೇ ಸಂಚಿಕೆಯಲ್ಲಿ. ಮರುವರ್ಷ ಅವನದೇ ಪತ್ರಿಕೆ ಅಮೇಜಿಂಗ್ ಸ್ಪೈಡರ್‌ಮ್ಯಾನ್ ಶುರುವಾಯಿತು. ಆ ಮೊದಲ ಕತೆಯಿಂದ ಹಿಡಿದು ಪತ್ರಿಕೆಯ 149ನೇ ಸಂಚಿಕೆವರೆಗೆ, ಅಂದರೆ ಒಟ್ಟು 150 ಸಂಚಿಕೆ, ಕಾಗದದ ಮೇಲೆ ಸಾಲಾಗಿ ಓದಬೇಕು. ಇಷ್ಟೇ ಗುರಿ. 149 ಯಾಕೆ ಅಂದ್ರೆ, 111ರಿಂದ ಕತೆ ಬರೆಯುತ್ತಿದ್ದ ಗೆರಿ ಕಾನ್ವೇ ಅಲ್ಲಿಗೆ ನಿಲ್ಲಿಸುತ್ತಾರೆ. ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಶುರು ಮಾಡಿದ ಕತೆಯ ಒಂದು ದೊಡ್ಡ ಸುತ್ತು ಅಲ್ಲಿ ಮುಗಿಯುತ್ತದೆ ಅಂತ ನನ್ನ ಲೆಕ್ಕ. ವಾರ್ಷಿಕ ಸಂಚಿಕೆಗಳನ್ನು ಇದರಲ್ಲಿ ಸೇರಿಸಿಲ್ಲ. ಸಿಕ್ಕರೆ ಸಂತೋಷ.

ಹಳೆಯ ಮೂಲ ಸಂಚಿಕೆಗಳನ್ನು ಕೊಳ್ಳುವ ಮಾತೇ ಇಲ್ಲ. ಅದು ನಮ್ಮಂಥವರ ಕೈಗೆಟುಕುವ ವ್ಯವಹಾರವಲ್ಲ. ನನಗೆ ಬೇಕಾಗಿರುವುದು ಕತೆ. ಚಿಕ್ಕಂದಿನಲ್ಲಿ ನಮಗೆ ಸಿಗುತ್ತಿದ್ದದ್ದು ಗೋಥಮ್ ಕಾಮಿಕ್ಸ್‌ನವರು ಇಲ್ಲೇ ಕಡಿಮೆ ಬೆಲೆಗೆ ಅಚ್ಚು ಹಾಕುತ್ತಿದ್ದ ಬಿಡಿ ಪುಸ್ತಕಗಳು. 2004ರಲ್ಲಿ ಧೋತಿ ಉಟ್ಟ ಪವಿತ್ರ್ ಪ್ರಭಾಕರ್‌ನ ಸ್ಪೈಡರ್‌ಮ್ಯಾನ್ ಇಂಡಿಯಾ ತಂದವರೂ ಅವರೇ. ಕತೆ ಅರ್ಧಕ್ಕೆ ನಿಂತರೆ ಮುಂದಿನದು ಧಾರವಾಡದ ತನಕ ಬರುತ್ತದೆ ಅನ್ನುವ ಖಾತ್ರಿ ಇರಲಿಲ್ಲ. ಆಗ ಬಿಟ್ಟುಹೋದದ್ದನ್ನೆಲ್ಲ ಈಗ ಮೊದಲಿನಿಂದ ಓದುತ್ತಿದ್ದೇನೆ ಅಂದುಕೊಳ್ಳಿ.

ಈಗ ತೊಡಕಿನ ವಿಷಯ. ಇದೇ ಕತೆಗಳನ್ನು ಮಾರ್ವೆಲ್‌ನವರು ಬೇರೆ ಬೇರೆ ಸರಣಿಗಳಲ್ಲಿ ಮರುಮುದ್ರಣ ಮಾಡಿದ್ದಾರೆ. 1987ರಲ್ಲಿ ಶುರುವಾದ ಮಾಸ್ಟರ್‌ವರ್ಕ್ಸ್‌ನಲ್ಲಿ ಒಂದು ಸಂಪುಟಕ್ಕೆ ಹತ್ತು ಹನ್ನೊಂದು ಸಂಚಿಕೆ, ಒಳ್ಳೆಯ ಕಾಗದ, ಒಳ್ಳೆಯ ಬೆಲೆ. 1996ರಲ್ಲಿ ಬಂದ ಎಸೆನ್ಶಿಯಲ್ ಸರಣಿ ಕಪ್ಪು ಬಿಳುಪು. ಅಗ್ಗದ ಕಾಗದ, ಆದರೆ ಒಂದೇ ಪುಸ್ತಕದಲ್ಲಿ ಇಪ್ಪತ್ತರ ಮೇಲೆ ಸಂಚಿಕೆ. 2013ರಿಂದ ಎಪಿಕ್ ಕಲೆಕ್ಷನ್ ಬರುತ್ತಿದೆ. ಬಣ್ಣದಲ್ಲಿದೆ, ರಟ್ಟು ತೆಳು. ನನ್ನ ಸಂಗ್ರಹದ ಬೆನ್ನೆಲುಬು ಇದೇ. ಒಂದೊಂದು ಸರಣಿಯೂ ಕತೆಯನ್ನು ಒಂದೊಂದು ಕಡೆ ಕತ್ತರಿಸುತ್ತದೆ. ಹಾಗಾಗಿ ಹೆಂಚು ಹೊದಿಸಿದ ಹಾಗೆ ಒಂದರ ತುದಿಯ ಮೇಲೆ ಇನ್ನೊಂದು ಬಂದು ಕೂರುತ್ತದೆ.

ಎಪಿಕ್‌ನದು ಇನ್ನೊಂದು ಕತೆ. ಬೆನ್ನಿನ ಮೇಲೆ ಸಂಪುಟದ ಅಂಕಿ ಇರುತ್ತದೆ, ಆದರೆ ಅಚ್ಚಾಗುವುದು ಆ ಕ್ರಮದಲ್ಲಲ್ಲ. 2ನೇ ಸಂಪುಟಕ್ಕಿಂತ ಮೊದಲೇ 17 ಮತ್ತು 20 ಬಂದುಬಿಟ್ಟವು. 3ಕ್ಕಿಂತ ಮೊದಲು 7 ಬಂತು. ನಡುವಿನದು ಬರುವಷ್ಟರಲ್ಲಿ ಮೊದಲಿನದರ ಪ್ರತಿಗಳು ಮುಗಿದಿರುತ್ತವೆ. ಮರುಮುದ್ರಣ ಆದಾಗ ಹಿಡಿದುಕೊಂಡರೆ ಸರಿ, ಇಲ್ಲದಿದ್ದರೆ ಹಳೆಯ ಪುಸ್ತಕದ ಮಾರಾಟದಲ್ಲಿ ಎರಡರಷ್ಟು ಬೆಲೆ ಕೇಳುತ್ತಾರೆ.

ಅದಕ್ಕೇ ನಾನು ಸಂಪುಟದ ಅಂಕಿ ನೋಡುವುದನ್ನು ಬಿಟ್ಟು ಸಂಚಿಕೆಯ ಅಂಕಿ ಹಿಡಿದೆ. ಒಂದು ಉದ್ದನೆಯ ಖಾತೆ ಪುಸ್ತಕ ಇದೆ. ಒಂದು ಸಂಚಿಕೆಗೆ ಒಂದು ಸಾಲು. ಅಂಕಿ, ತಿಂಗಳು, ಬರೆದವರು, ಚಿತ್ರ ಬಿಡಿಸಿದವರು, ಯಾವ ಪುಸ್ತಕದಲ್ಲಿದೆ. ಕೊನೆಯ ಮನೆ ಖಾಲಿ ಇದ್ದರೆ ಅದು ಬೇಕಾಗಿರುವ ಸಂಚಿಕೆ. ಅದು ಯಾವ ಸರಣಿಯಿಂದ ಬಂದರೂ ನಡೆಯುತ್ತದೆ. ಕಪಾಟಿನಲ್ಲಿ ಬೆನ್ನುಗಳು ಒಂದೇ ಸಮ ಕಾಣಬೇಕು ಅನ್ನುವವರ ಆಸೆ ನನಗೂ ಅರ್ಥವಾಗುತ್ತದೆ. ನೋಡೋಕೆ ಚೆಂದ, ನಿಜ. ಆದರೆ ಬೆನ್ನು ಸರಿಹೊಂದಲಿ ಅಂತ ಕಾಯುತ್ತ ಕೂತರೆ ಕತೆ ನಿಂತಲ್ಲೇ ನಿಲ್ಲುತ್ತದೆ.

ಬೆಳಗಾವಿಯಿಂದ ಬಂದದ್ದು ಎಪಿಕ್ 4, ಅಂದರೆ 53ರಿಂದ 67. ಅಲ್ಲಿಯ ಓದುಗರೊಬ್ಬರು ತುಂಬಾ ಸಂಚಿಕೆ ಒಟ್ಟಿಗಿರುವ ಆಮ್ನಿಬಸ್ ಅನ್ನುವ ದೊಡ್ಡ ಪುಸ್ತಕ ತಗೊಂಡಿದ್ದರಿಂದ ಇದನ್ನು ಬಿಟ್ಟುಕೊಟ್ಟರು. ಪಾರ್ಸೆಲ್ ದಾರಿಯಲ್ಲಿ ಎಲ್ಲೋ ಬಿದ್ದು ಒಂದು ಮೂಲೆ ಜಜ್ಜಿಹೋಗಿದೆ. ಒಳಗಿನ ಪುಟಗಳಿಗೆ ಏನೂ ಆಗಿಲ್ಲ. ಬಂದ ರಾತ್ರಿಯೇ 53ರಿಂದ 56 ಓದಿ ಮುಗಿಸಿದೆ. ಖಳನಾಯಕ ಡಾಕ್ಟರ್ ಆಕ್ಟೋಪಸ್ ಬಾಡಿಗೆಗೆ ಕೋಣೆ ಹುಡುಕಿಕೊಂಡು ಬಂದು, ಸ್ಪೈಡರ್‌ಮ್ಯಾನ್ ಆಗುವ ಹುಡುಗ ಪೀಟರ್‌ನ ಮೇ ಅತ್ತೆಯ ಮನೆಯಲ್ಲೇ ಸೇರಿಕೊಳ್ಳುತ್ತಾನೆ! ಆ ಮುದುಕಿಗೆ ಅವನು ಮರ್ಯಾದಸ್ಥ. ಪೀಟರ್ ಬಾಯಿಬಿಟ್ಟು ಹೇಳುವ ಹಾಗಿಲ್ಲ. ಜಾನ್ ರೊಮಿಟಾ ಅವರ ಚಿತ್ರದಲ್ಲಿ ಅತ್ತೆಯ ಮುಖದ ಆ ನಂಬಿಕೆ ನೋಡಿದರೆ ಓದುವವನಿಗೇ ಹೆದರಿಕೆ ಆಗುತ್ತದೆ.

ರದ್ದಿ ಅಂಗಡಿಯದು ನಿಜವಾದ ಅದೃಷ್ಟ. ದುರ್ಗದಬೈಲ್ ಕಡೆ ಹೋದಾಗಲೆಲ್ಲ ಆ ಅಂಗಡಿಯಲ್ಲಿ ಒಮ್ಮೆ ಇಣುಕುವುದು ರೂಢಿ. ಯಾರೋ ಮನೆ ಖಾಲಿ ಮಾಡುವಾಗ ಹಾಕಿದ್ದ ಗಂಟು. ಎಂಜಿನಿಯರಿಂಗ್ ಗೈಡುಗಳ ಕೆಳಗೆ ಎಸೆನ್ಶಿಯಲ್ ಅಮೇಜಿಂಗ್ ಸ್ಪೈಡರ್‌ಮ್ಯಾನ್ 5ನೇ ಸಂಪುಟ. 90ರಿಂದ 113. ಅದರಲ್ಲಿ 105ರಿಂದ ಮುಂದಿನವು ನನ್ನ ಹತ್ತಿರ ಮೊದಲೇ ಇದ್ದವು, ಹೊಸದು 90ರಿಂದ 104. ನಾನು ಪುಟ ತಿರುಗಿಸುತ್ತಿದ್ದದ್ದು ನೋಡಿ ಅಂಗಡಿಯವರೇ ಹೇಳಿದರು: "ಸರ, ಅದರಾಗ ಬಣ್ಣ ಇಲ್ರಿ. ನಡೀತೈತೇನ್ರಿ ನಿಮಗ?" ಓಡುತ್ತೆ ಅಂದೆ. ತೂಕದ ರೇಟಿಗೇ ಕೊಟ್ಟರು.

ಬಣ್ಣ ಇಲ್ಲದಿರುವುದೇ ಈ ಪುಸ್ತಕದ ಲಾಭ ಅಂತ ಓದುತ್ತ ಗೊತ್ತಾಯಿತು. ಇದರ ಮೊದಲ ಭಾಗದಲ್ಲಿ ಜಾಸ್ತಿ ಇರುವುದು ಗಿಲ್ ಕೇನ್ ಅವರ ಚಿತ್ರ. ಅವರು ಮುಖಗಳನ್ನು ಕೆಳಗಿನಿಂದ ನೋಡಿದ ಹಾಗೆ ಬಿಡಿಸುತ್ತಾರೆ. ಗದ್ದ, ಮೂಗಿನ ಹೊಳ್ಳೆ, ಗಾಬರಿಯ ಕಣ್ಣು. ಹೊಸ ಮರುಮುದ್ರಣಗಳ ಬಿಳಿ ಕಾಗದದಲ್ಲಿ ಬಣ್ಣ ಕಣ್ಣಿಗೆ ಹೊಡೆಯುತ್ತದೆ, ಗೆರೆ ಹಿಂದೆ ಸರಿಯುತ್ತದೆ. ಇಲ್ಲಿ ಬರೀ ಗೆರೆ. 96ರಿಂದ 98ರ ಮಾದಕ ವಸ್ತುವಿನ ಕತೆಯೂ ಇದರಲ್ಲಿದೆ. 1971ರಲ್ಲಿ, ಕಾಮಿಕ್ಸ್‌ನಲ್ಲಿ ಏನು ಬರಬಹುದು ಅಂತ ತೀರ್ಮಾನಿಸುತ್ತಿದ್ದ ಕಾಮಿಕ್ಸ್ ಕೋಡ್‌ನವರು ಒಪ್ಪಿಗೆ ಕೊಡದಿದ್ದಾಗ ಅವರ ಮುದ್ರೆ ಇಲ್ಲದೆಯೇ ಅಚ್ಚಾದ ಮೂರು ಸಂಚಿಕೆ ಇವು. ಆ ವರ್ಷವೇ ಕೋಡ್‌ನ ನಿಯಮ ಸಡಿಲವಾಯಿತು.

ಆದರೆ ನನಗೆ ಎಲ್ಲಕ್ಕಿಂತ ಬೇಕಾಗಿದ್ದು 90. ಡಾಕ್ಟರ್ ಆಕ್ಟೋಪಸ್ ಜೊತೆಗಿನ ಹೊಡೆದಾಟದಲ್ಲಿ ಮಹಡಿಯ ಇಟ್ಟಿಗೆಗಳು ಕಳಚಿ ಬೀಳುತ್ತವೆ. ಕೆಳಗೊಬ್ಬ ಹುಡುಗ. ಅವನನ್ನು ತಳ್ಳಿ ಉಳಿಸಲು ಹೋದ ನಿವೃತ್ತ ಪೊಲೀಸ್ ಅಧಿಕಾರಿ ಕ್ಯಾಪ್ಟನ್ ಸ್ಟೇಸಿ ಸಿಕ್ಕಿಬೀಳುತ್ತಾರೆ. ಸಾಯುವಾಗ ಮುಖವಾಡದವನನ್ನು ಪೀಟರ್ ಅಂತಲೇ ಕರೆದು, ಮಗಳು ಗ್ವೆನ್‌ಳನ್ನು ನೋಡಿಕೋ ಅನ್ನುತ್ತಾರೆ. ಗ್ವೆನ್ ಪೀಟರ್‌ನ ಪ್ರೇಯಸಿ. ಅವರಿಗೆ ಎಲ್ಲ ಗೊತ್ತಿತ್ತು. 1973ರ ಜೂನ್ ತಿಂಗಳ 121ರಲ್ಲಿ ಆ ಗ್ವೆನ್ ಸೇತುವೆಯಿಂದ ಬೀಳುತ್ತಾಳೆ. ಸ್ಪೈಡರ್‌ಮ್ಯಾನ್ ಎಸೆದ ಬಲೆ ಅವಳ ಕಾಲು ಹಿಡಿಯುತ್ತದೆ. ಕುತ್ತಿಗೆಯ ಹತ್ತಿರ ಸಣ್ಣ ಅಕ್ಷರದಲ್ಲಿ "ಸ್ನ್ಯಾಪ್" ಅಂತ ಇದೆ. ಗಡಿಬಿಡಿಯಲ್ಲಿ ಓದಿದರೆ ಕಣ್ಣಿಗೇ ಬೀಳದಷ್ಟು ಸಣ್ಣದು. ಎಪಿಕ್ 7 ನನ್ನ ಹತ್ತಿರ ಮೊದಲೇ ಇತ್ತು. ಹಾಗಾಗಿ 121 ಓದಿದ್ದೆ, 90 ಓದಿರಲಿಲ್ಲ. ಗ್ವೆನ್‌ಳ ಸಾವು ಗೊತ್ತಿತ್ತು, ಅವಳ ಅಪ್ಪನ ಆ ಕೊನೆಯ ಮಾತು ಗೊತ್ತಿರಲಿಲ್ಲ. ಈ ವಾರ ಎರಡನ್ನೂ ಕ್ರಮವಾಗಿ ಓದಿದೆ. 121 ಬೇರೆಯದೇ ಕತೆ ಆಯಿತು.

ಈಗ ಬಾಕಿ ಇರುವುದು ಎರಡು ಕಡೆ. ಕೊನೆಯ ಏಳು, 143ರಿಂದ 149. ಅದರ ಬಗ್ಗೆ ಚಿಂತೆಯಿಲ್ಲ. ಎಪಿಕ್ 8 ನಿಲ್ಲುವುದು 142ಕ್ಕೆ, ಎಪಿಕ್ 9 ಅಲ್ಲಿಂದಲೇ ಶುರು. ದುಡ್ಡು ಕೂಡಿದಾಗ ತಗೊಂಡರಾಯಿತು.

ತಲೆನೋವಿನದು 86, 87, 88, 89. ಬರೀ ನಾಲ್ಕು. ಎಪಿಕ್ 5 ಮುಗಿಯುವುದು 85ಕ್ಕೆ, ನನ್ನ ಎಸೆನ್ಶಿಯಲ್ 5 ಶುರುವಾಗುವುದು 90ಕ್ಕೆ. ಮಾಸ್ಟರ್‌ವರ್ಕ್ಸ್‌ನಲ್ಲಿ ಹುಡುಕಿದರೆ 9ನೆಯದು 87ಕ್ಕೆ ನಿಲ್ಲುತ್ತದೆ, 88 ಬೇಕಾದರೆ 10 ತಗೋಬೇಕು. ನಾಲ್ಕು ಸಂಚಿಕೆಗೆ ಎರಡು ದುಬಾರಿ ಪುಸ್ತಕ. ಎಪಿಕ್ 6 ಅಂದರೆ 86ರಿಂದ 104, ಅಚ್ಚುಕಟ್ಟು. ಆದರೆ ಹೊರಗೆ ಕೇಳುತ್ತಿರುವ ಬೆಲೆ ಸದ್ಯಕ್ಕೆ ನನ್ನಿಂದಾಗದು. ಉಳಿದದ್ದು ಎಸೆನ್ಶಿಯಲ್ 4, ಅಂದರೆ 66ರಿಂದ 89. ಇಪ್ಪತ್ತು ಸಂಚಿಕೆ ಎರಡೆರಡು ಆಗುತ್ತವೆ. ಆಗಲಿ. 90ರಲ್ಲಿ ಮುಗಿಯುವ ಆಕ್ಟೋಪಸ್ ಕತೆ ಶುರುವಾಗುವುದು 88ರಲ್ಲಿ. ಆ ಎರಡು ಸಂಚಿಕೆ ಇಲ್ಲದೆ ಕ್ಯಾಪ್ಟನ್ ಸ್ಟೇಸಿಯ ಸಾವು ನನಗೆ ಇನ್ನೂ ಪೂರ್ತಿ ಸಿಕ್ಕಿಲ್ಲ.

ಮೊಬೈಲಿನಲ್ಲಿ ಮಾರ್ವೆಲ್ ಅನ್‌ಲಿಮಿಟೆಡ್‌ನಲ್ಲೇ ಓದಬಹುದಲ್ಲ ಅಣ್ಣಾ ಅಂತ ಬೆಂಗಳೂರಿನ ತಂಗಿ ಕೇಳಿದಳು. ಓದಬಹುದು. ಆದರೆ ಎಪಿಕ್ 2ರಲ್ಲಿರುವ 33ನೇ ಸಂಚಿಕೆಯ ಮೊದಲ ಪುಟಗಳನ್ನು ಅವಳಿಗೆ ತೋರಿಸಬೇಕು. ಭಾರದ ಯಂತ್ರದ ಅಡಿ ಸಿಕ್ಕ ಸ್ಪೈಡರ್‌ಮ್ಯಾನ್, ಮೇಲಿನಿಂದ ಸೋರುವ ನೀರು. ಡಿಟ್ಕೊ ಚೌಕಟ್ಟುಗಳನ್ನು ಒಂದೊಂದಾಗಿ ದೊಡ್ಡದು ಮಾಡುತ್ತ ಹೋಗಿ, ಅವನು ಯಂತ್ರ ಎತ್ತುವ ಚಿತ್ರಕ್ಕೆ ಇಡೀ ಪುಟ ಕೊಟ್ಟಿದ್ದಾರೆ. ಅದನ್ನು ಪುಟ ತಿರುಗಿಸಿಯೇ ನೋಡಬೇಕು. ಅಂಗೈ ಅಗಲದ ಪರದೆಯಲ್ಲಿ ಆ ಭಾರ ತಿಳಿಯುವುದಿಲ್ಲ. ಕೇಳಿದ ಮೇಲೆ ಅವಳೇ ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗಳಲ್ಲಿ ಎಸೆನ್ಶಿಯಲ್ 4 ಹುಡುಕುವುದಾಗಿ ಒಪ್ಪಿಕೊಂಡಿದ್ದಾಳೆ.

ಇಡುವ ವಿಷಯದಲ್ಲಿ ಒಂದು ಬದಲಾವಣೆ. ಧಾರವಾಡದ ಮಳೆ ಹಿಡಿಯಿತೆಂದರೆ ಹೊರಗೋಡೆ ತಣ್ಣಗಾಗಿ ಪುಸ್ತಕಕ್ಕೆ ಬೂಷ್ಟು ಹತ್ತುತ್ತದೆ. ಎಸೆನ್ಶಿಯಲ್‌ನ ಕಾಗದವಂತೂ ತೇವ ಹೀರುತ್ತದೆ. ಕಪಾಟನ್ನು ಒಳಗೋಡೆಗೆ ಸರಿಸಿ, ಗೋಡೆಗೂ ಅದಕ್ಕೂ ಒಂದು ಗೇಣು ಜಾಗ ಬಿಟ್ಟಿದ್ದೇನೆ. ಪುಸ್ತಕಗಳನ್ನು ಒತ್ತೊತ್ತಾಗಿ ತುರುಕಿಲ್ಲ.

ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಯಾರ ಹತ್ತಿರವಾದರೂ ಎಸೆನ್ಶಿಯಲ್ 4 ಇದ್ದು, ಬಿಟ್ಟುಕೊಡುವ ಮನಸ್ಸಿದ್ದರೆ ಹೇಳಿ. ರಟ್ಟು ಹರಿದಿದ್ದರೂ ಪರವಾಗಿಲ್ಲ, 86ರಿಂದ 89ರ ಪುಟಗಳು ಪೂರ್ತಿ ಇರಬೇಕು. ಬದಲಿಗೆ ಕೊಡಲು ನನ್ನ ಹತ್ತಿರ ಮೈಟಿ ಮಾರ್ವೆಲ್ ಮಾಸ್ಟರ್‌ವರ್ಕ್ಸ್‌ನ ಮೊದಲ ಸಂಪುಟ ಇದೆ. ಸಣ್ಣ ಗಾತ್ರ, ಪೂರ್ತಿ ಬಣ್ಣ, ಅಮೇಜಿಂಗ್ ಫ್ಯಾಂಟಸಿ 15 ಮತ್ತು 1ರಿಂದ 10. ಮನೆಯಲ್ಲಿ ಓದುವ ಮಕ್ಕಳಿದ್ದರೆ ಶುರು ಮಾಡಿಸಲು ಅದೇ ಸರಿ. ಹುಬ್ಬಳ್ಳಿಯವರಾದರೆ ಚಿಗರಿ ಬಸ್ ಹತ್ತಿ ನಾನೇ ಬಂದು ಕೊಟ್ಟು ಹೋಗುತ್ತೇನೆ.