ಕಿಟಕಿಗೆ ಹಿಡಿಕೆ ಇರುವ ಪಿಕಪ್

ನಿನ್ನೆ ರಾತ್ರಿ ಅಮೆರಿಕದ ಸ್ಲೇಟ್ ಎಲೆಕ್ಟ್ರಿಕ್ ಪಿಕಪ್‌ನ ವಿಡಿಯೋ ನೋಡುತ್ತಾ ಕೂತಿದ್ದೆ. ಒಂದು ಕೈ ಬಾಗಿಲಿನ ಹಿಡಿಕೆ ತಿರುಗಿಸುತ್ತದೆ, ಗಾಜು ನಿಧಾನಕ್ಕೆ ಕೆಳಗಿಳಿಯುತ್ತದೆ. ಅಷ್ಟನ್ನೇ ಮೂರು ಸಲ ನೋಡಿದೆ.

2025ರ ಏಪ್ರಿಲ್‌ನಲ್ಲಿ ಮೊದಲು ತೋರಿಸಿದ ಗಾಡಿ ಇದು. ಎರಡೇ ಸೀಟು. ದೊಡ್ಡ ಟಚ್‌ಸ್ಕ್ರೀನ್ ಇಲ್ಲ, ಫೋನ್ ಸಿಕ್ಕಿಸಲು ಜಾಗ ಇದೆ. ಹೊರಮೈ ಪ್ಲಾಸ್ಟಿಕ್. ಬಣ್ಣ ಬಳಿಯುವುದೇ ಇಲ್ಲ, ಎಲ್ಲವೂ ಒಂದೇ ಬೂದು. ಬಣ್ಣ ಬಳಿಯುವ ವಿಭಾಗವೇ ಬೇಡ ಅಂದರೆ ಕಾರ್ಖಾನೆಗೆ ಎಷ್ಟು ಖರ್ಚು ಉಳಿಯುತ್ತದೆ ಯೋಚಿಸಿ! ಬೇಕಾದವರು ಆಮೇಲೆ ಬಣ್ಣದ ಹಾಳೆ ಅಂಟಿಸಿಕೊಳ್ಳಬಹುದು. ಸ್ಲೇಟು ಅನ್ನೋ ಹೆಸರು ಎಷ್ಟು ಸರಿಯಾಗಿ ಕೂತಿದೆ, ಅಲ್ವಾ?

ಒಂದು ಚಾರ್ಜ್‌ಗೆ ಸುಮಾರು 240 ಕಿ.ಮೀ. ಕಡಿಮೆ ಆಯ್ತು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಗಲೆಲ್ಲ ಊರೊಳಗೆ ಸಾಮಾನು ಸಾಗಿಸಿ ಸಂಜೆ ಮನೆಗೆ ಬರುವವರಿಗೆ ಅಷ್ಟು ಸಾಕು. ದೊಡ್ಡ ಬ್ಯಾಟರಿ ಅಂದರೆ ತೂಕವೂ ಜಾಸ್ತಿ, ದುಡ್ಡೂ ಜಾಸ್ತಿ.

ಬೇಸರ ಒಂದೇ. ಬೆಲೆ ಮೊದಲು 20 ಸಾವಿರ ಡಾಲರ್ ಒಳಗೆ ಅಂದಿದ್ದರು. ಅದು ಎಲೆಕ್ಟ್ರಿಕ್ ಗಾಡಿ ಕೊಳ್ಳುವವರಿಗೆ ಅಮೆರಿಕ ಸರ್ಕಾರ ಕೊಡುತ್ತಿದ್ದ 7,500 ಡಾಲರ್ ತೆರಿಗೆ ರಿಯಾಯಿತಿ ಕಳೆದ ಮೇಲಿನ ಲೆಕ್ಕ. 2025ರ ಸೆಪ್ಟೆಂಬರ್ 30ಕ್ಕೆ ಆ ರಿಯಾಯಿತಿಯೇ ಮುಗಿಯಿತು. ಆದರೂ ಆ ಹಿಡಿಕೆಯನ್ನು ಒಮ್ಮೆ ನನ್ನ ಕೈಯಲ್ಲೇ ತಿರುಗಿಸಬೇಕು ಅನ್ನುವ ಆಸೆ ಹೋಗಿಲ್ಲ.