ಬಾಗಿಲ ಹೊರಗಿನ ಬೆಂಚು

ಕಳೆದ ವಾರ ಮಗಳಿಗೆ ರಜೆ. ಪಕ್ಕದ ಮನೆಯ ನಿವೃತ್ತ ಟೀಚರ್ ಲಂಡನ್ನಿನ ಪಾರ್ಲಿಮೆಂಟಿಗೆ ಹೊರಟವರು ನಮ್ಮಿಬ್ಬರನ್ನೂ ಕರೆದುಕೊಂಡು ಹೋದರು. ಶಿಫಾರಸು ಪತ್ರ ಏನೂ ಬೇಕಾಗಲಿಲ್ಲ. ಬ್ಯಾಗು ತಪಾಸಣೆ ಮಾಡಿ ಸೀದಾ ಸಂಸದರ ಸಮಿತಿ ವಿಚಾರಣೆ ನಡೆಸುವ ಕೋಣೆಗೆ ಬಿಟ್ಟರು. ಕುದುರೆ ಲಾಳದ ಆಕಾರದ ಮೇಜು, ಸುತ್ತ ಬೇರೆ ಬೇರೆ ಪಕ್ಷಗಳ ಸಂಸದರು, ಎದುರಿಗೆ ನೀರು ಪೂರೈಸುವ ಖಾಸಗಿ ಕಂಪನಿಯೊಂದರ ಮುಖ್ಯಸ್ಥ. ಅವರ ಬೆನ್ನ ಹಿಂದೆಯೇ ನಮ್ಮ ಕುರ್ಚಿ. ನದಿಗೆ ಕೊಳಚೆ ಬಿಟ್ಟದ್ದರ ಬಗ್ಗೆ ಸಂಸದೆಯೊಬ್ಬರು ಒಂದೇ ಪ್ರಶ್ನೆಯನ್ನು ಮೂರು ಸಲ ಕೇಳಿದರು. ಮೂರನೇ ಸಲಕ್ಕೆ ಆತನ ಕಿವಿ ಕೆಂಪಾಯಿತು.

ವಾಪಸು ಬರುವಾಗ ಮಗಳು, “ಅಮ್ಮಾ, ತಾತನ ಊರಲ್ಲೂ ಹೀಗೆ ಹೋಗಿ ಕೂರಬಹುದಾ?” ಅಂದಳು.

ಸದನದ ಗ್ಯಾಲರಿಗಾದರೆ ಪಾಸು ಪಡೆದು ಹೋಗಬಹುದು, ಸಮಿತಿ ಸಭೆಗೆ ಆಗಲ್ಲ ಅಂದೆ. ಹೇಳುವಾಗ ಯಾಕೋ ಗಂಟಲು ಕಟ್ಟಿತು.

ಅವಳ ತಾತ ಬೆಂಗಳೂರಿನಲ್ಲಿ ಸರ್ಕಾರಿ ನಿಗಮವೊಂದರ ಗುಮಾಸ್ತರಾಗಿದ್ದವರು. ವಿಧಾನಮಂಡಲದ ಸಾರ್ವಜನಿಕ ಉದ್ದಿಮೆಗಳ ಸಮಿತಿಯ ಸಭೆ ಬಂತೆಂದರೆ ವಾರಗಟ್ಟಲೆ ಅಪ್ಪ ಮನೆ ಸೇರುವುದು ರಾತ್ರಿ ಹತ್ತಕ್ಕೆ. ಸರ್ಕಾರಿ ಲೆಕ್ಕ ಪರಿಶೋಧಿಸುವ ಸಿಎಜಿ ಎತ್ತಿದ ಒಂದೊಂದು ಆಕ್ಷೇಪಕ್ಕೂ ಉತ್ತರ ಬರೆಯಬೇಕು, ಆಧಾರದ ಕಾಗದಕ್ಕೆ ಚೀಟಿ ಅಂಟಿಸಬೇಕು. ಸಭೆಯ ದಿನ ಎಂಡಿ ಒಳಗೆ, ಅಪ್ಪ ಹೊರಗಿನ ಬೆಂಚಿನ ಮೇಲೆ, ತೊಡೆ ಮೇಲೆ ಫೈಲಿನ ಕಟ್ಟು. ಬಾಗಿಲು ಸಂದಿಯಾದಾಗ ಒಂದು ಕೈ ಚಾಚಿಕೊಳ್ಳುತ್ತಿತ್ತು, ಬೇಕಾದ ಫೈಲು ಒಳಗೆ ಹೋಗುತ್ತಿತ್ತು. ತಾನು ಬರೆದ ಉತ್ತರ ನಿಂತಿತೋ ಬಿತ್ತೋ, ಅಪ್ಪನಿಗೆ ತಿಳಿಯುತ್ತಲೇ ಇರಲಿಲ್ಲ.

ನಮ್ಮ ಸಮಿತಿಗಳು ಕೆಲಸ ಮಾಡುವುದಿಲ್ಲ ಅನ್ನಲಾರೆ. ಬೆಂಗಳೂರಿನ ಸರ್ಕಾರಿ ಜಮೀನಿನ ಒತ್ತುವರಿಯನ್ನು ಎ.ಟಿ. ರಾಮಸ್ವಾಮಿ ನೇತೃತ್ವದ ಸದನ ಸಮಿತಿ 2007ರಲ್ಲಿ ಬಯಲಿಗೆಳೆದದ್ದು ಮರೆಯುವಂಥದ್ದಲ್ಲ. ಬಾಗಿಲು ಮುಚ್ಚಿದ್ದರೆ ಸದಸ್ಯರು ಪಕ್ಷ ಮರೆತು ಮಾತಾಡುತ್ತಾರೆ ಅನ್ನುವುದರಲ್ಲೂ ನಿಜವಿದೆ. ಆದರೆ ವರದಿ ಮಾತ್ರ ನಮ್ಮ ಕೈಗೆ ಬರುತ್ತದೆ. ಅಧಿಕಾರಿ ತಡವರಿಸಿದ್ದು, ನುಣುಚಿಕೊಂಡದ್ದು ಯಾವುದೂ ಬರುವುದಿಲ್ಲ.

ಹಾಗಂತ ಇಲ್ಲಿ ಬ್ರಿಟನ್ನಿನಲ್ಲಿ ಎಲ್ಲ ಸರಿಯಿದೆ ಅಂತಲ್ಲ. ಹೊರೈಜನ್ ಎಂಬ ಕಂಪ್ಯೂಟರ್ ವ್ಯವಸ್ಥೆಯ ತಪ್ಪು ಲೆಕ್ಕ ನಂಬಿ 900ಕ್ಕೂ ಹೆಚ್ಚು ಉಪ ಅಂಚೆ ಪಾಲಕರನ್ನು ಕಳ್ಳರೆಂದು ಶಿಕ್ಷಿಸಿದ ದೇಶ ಇದು. ಯಾರಿಗೂ ಅನ್ಯಾಯವಾದದ್ದಕ್ಕೆ ಪುರಾವೆಯಿಲ್ಲವೆಂದು ಪೋಸ್ಟ್ ಆಫೀಸಿನ ಮುಖ್ಯಸ್ಥೆ 2015ರಲ್ಲಿ ಇಂಥದೇ ಸಮಿತಿಯ ಮುಂದೆ ಹೇಳಿದ್ದರು. ಹೊರೈಜನ್ ತಯಾರಿಸಿದ ಫುಜಿತ್ಸು ಕಂಪನಿಯ ಯುರೋಪ್ ಮುಖ್ಯಸ್ಥ ಸಮಿತಿಯೆದುರು ಕ್ಷಮೆ ಕೇಳುವಾಗ 2024ರ ಜನವರಿ. ನಡುವೆ ಒಂಬತ್ತು ವರ್ಷ, ಎಷ್ಟೋ ಜನರ ಆಯುಷ್ಯ. ಆದರೂ 2015ರ ಆ ಮಾತು ದಾಖಲೆಯಲ್ಲಿತ್ತು. ‘ನಾನು ಹಾಗೆ ಹೇಳಿಲ್ಲ’ ಅನ್ನಲು ಯಾರಿಗೂ ದಾರಿಯಿರಲಿಲ್ಲ.

ನಾವು ಕೂತಿದ್ದ ಸಭೆಯ ವಿಡಿಯೊ ಅಪ್ಪನಿಗೆ ಕಳಿಸಿದ್ದೆ. ನಿನ್ನೆ ಫೋನ್ ಮಾಡಿದರು. ಸಂಸದರ ಬಗ್ಗೆ, ಕಂಪನಿಯವರ ಬಗ್ಗೆ ಒಂದು ಮಾತೂ ಇಲ್ಲ.

“ಆತನ ಹಿಂದೆ ಫೈಲು ಹಿಡ್ಕೊಂಡು ಕೂತಿದ್ದರಲ್ಲ, ಅವರನ್ನೂ ಒಳಗೇ ಕೂರಿಸ್ತಾರಾ?”

“ಹೂಂ ಅಪ್ಪ, ಒಳಗೇ.”